ಎಲೆಚುಕ್ಕೆ ರೋಗ: ಎಷ್ಟು ಅಡಿಕೆ ಮರಗಳನ್ನು ಪರೀಕ್ಷಿಸಬೇಕು?

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರು ನಾಲ್ಕೈದು ಮರಗಳನ್ನಷ್ಟೇ ನೋಡಿ ತೋಟದಲ್ಲಿ ಎಲೆಚುಕ್ಕೆ ರೋಗವಿಲ್ಲವೆಂದು ನಿರ್ಧರಿಸಬಾರದು.

ನೂರಕ್ಕೆ 10 ಮರಗಳಿಗೆ ರೋಗ ತಗುಲಿದೆ ಎಂದು ಭಾವಿಸೋಣ. ಕನಿಷ್ಠ ಒಂದು ಮರದಲ್ಲಾದರೂ ರೋಗ ಪತ್ತೆಯಾಗುವ ಸಂಭವನೀಯತೆಯನ್ನು ತಿಳಿಯಲು, ಒಂದರಲ್ಲೂ ಕಾಣದಿರುವ ಸಂಭವನೀಯತೆಯನ್ನು 1ರಿಂದ ಕಳೆದರೆ ಸಾಕು. ಯಾವುದೇ ಒಂದು ಮರ ಆರೋಗ್ಯವಾಗಿರುವ ಸಂಭವನೀಯತೆ 0.9.

5 ಮರಗಳಿಗೆ: 0.9 × 0.9 × 0.9 × 0.9 × 0.9 = 0.59, 1 − 0.59 = 0.41.

ಅಂದರೆ ರೋಗವು ಕಣ್ತಪ್ಪುವ ಸಾಧ್ಯತೆಯೇ ಹೆಚ್ಚು. ಇದೇ ಕ್ರಮದಲ್ಲಿ 30 ಮರಗಳನ್ನು ಪರೀಕ್ಷಿಸಿದರೆ ಪತ್ತೆಯಾಗುವ ಸಂಭವನೀಯತೆ 0.96ಕ್ಕೆ ಏರುತ್ತದೆ.

ರೋಗವು ಗುಂಪುಗುಂಪಾಗಿ ಹರಡಿರಬಹುದಾದ್ದರಿಂದ, ಒಂದೇ ಸಾಲಿನ ಮರಗಳನ್ನು ನೋಡದೆ ತೋಟದ ಎಲ್ಲ ಭಾಗಗಳಿಂದಲೂ ಮರಗಳನ್ನು ಆಯ್ದುಕೊಳ್ಳಿ. ರೋಗ ಕಂಡುಬಂದಲ್ಲಿ ಸೋಂಕಿತ ಸೋಗೆಗಳನ್ನು ಕತ್ತರಿಸಿ ನಾಶಪಡಿಸಿ, ಸಿಂಪಡಣೆಯ ಕುರಿತು ತಜ್ಞರ ಸಲಹೆ ಪಡೆಯಿರಿ.