ಸಾರನಾಥದ ಸಿಂಹಗಳು

ಕಾಶಿಯ ಪಕ್ಕದ ಸಾರನಾಥದಲ್ಲಿ 1905ರಲ್ಲಿ ಎಫ್. ಓ. ಓರ್ಟೆಲ್ ಎಂಬ ಎಂಜಿನಿಯರ್ ನೆಲ ಅಗೆಸುತ್ತಿದ್ದಾಗ ಸುಮಾರು ಏಳು ಅಡಿ ಎತ್ತರದ ಶಿಲ್ಪವೊಂದು ಸಿಕ್ಕಿತು. ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ಸಿಂಹಗಳು. ಮರಳುಗಲ್ಲು, ಎರಡು ಸಾವಿರ ವರ್ಷ ಮೀರಿದರೂ ಮೌರ್ಯರ ಕಾಲದ ಹೊಳಪು ಮಾಸಿರಲಿಲ್ಲ. ಬುದ್ಧ ಮೊದಲ ಬೋಧನೆ ಮಾಡಿದ ಜಾಗದಲ್ಲಿ ಅಶೋಕ ನಿಲ್ಲಿಸಿದ ಕಂಬದ ತುದಿ ಅದು. ಇಂದು ನಮ್ಮ ನಾಣ್ಯ, ನೋಟು, ಪಾಸ್‌ಪೋರ್ಟುಗಳ ಮೇಲಿರುವ ರಾಷ್ಟ್ರಲಾಂಛನದ ಮೂಲವೂ ಅದೇ.

ಲಾಂಛನದಲ್ಲಿ ಕಾಣುವುದು ಮೂರೇ ಸಿಂಹ, ನಾಲ್ಕನೆಯದು ಹಿಂದಿದೆ. ಇಷ್ಟು ಶಾಲೆಯ ಮಕ್ಕಳಿಗೂ ಗೊತ್ತು. ಸಿಂಹಗಳ ಕಾಲಡಿಯ ದುಂಡನೆಯ ಪೀಠವನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. ಅಲ್ಲಿ ಸುತ್ತಲೂ ಆನೆ, ಕುದುರೆ, ಗೂಳಿ, ಸಿಂಹ. ಒಂದೊಂದರ ನಡುವೆ 24 ಅರೆಗಳ ಚಕ್ರ. ಆನೆ ಬುದ್ಧನ ತಾಯಿ ಕಂಡ ಕನಸು, ಕುದುರೆ ಅವನು ಅರಮನೆ ತೊರೆದ ರಾತ್ರಿ ಎನ್ನುವ ವಿದ್ವಾಂಸರಿದ್ದಾರೆ. ನಾಲ್ಕೂ ನಾಲ್ಕು ದಿಕ್ಕುಗಳು ಎನ್ನುವವರೂ ಇದ್ದಾರೆ. ಮೇಲಿನ ಸಿಂಹಗಳದ್ದು ಬಿಗಿದ ಗಾಂಭೀರ್ಯ. ಕೆಳಗಿನ ಕುದುರೆಯೋ ನಾಗಾಲೋಟದಲ್ಲಿದೆ. ಶಿಲ್ಪಿಯ ಮನಸ್ಸು ಬಿಚ್ಚಿಕೊಂಡಿರುವುದು ಇಲ್ಲಿಯೇ ಎಂದು ನನ್ನ ನಂಬಿಕೆ.

ಪೀಠದ ಕೆಳಗಿದ್ದ ತಲೆಕೆಳಗಾದ ಕಮಲವನ್ನು ಲಾಂಛನದಲ್ಲಿ ಕೈಬಿಡಲಾಗಿದೆ. ಇನ್ನೊಂದು ಭಾಗ ಕಾಲದ ಹೊಡೆತಕ್ಕೇ ಹೋಯಿತು: ಮೂಲದಲ್ಲಿ ಸಿಂಹಗಳ ಮೇಲೊಂದು ದೊಡ್ಡ ಧರ್ಮಚಕ್ರವಿತ್ತು, ಅದರ ಚೂರುಗಳಷ್ಟೇ ಉಳಿದಿವೆ. ಈ ಸಿಂಹಗಳು ಬರಿಯ ರಾಜಬಲದ ಗುರುತಾಗಿರಲಿಲ್ಲ. ಅವು ಚಕ್ರವನ್ನು ಹೊತ್ತಿದ್ದವು, ಬಲಕ್ಕಿಂತ ಧರ್ಮ ಮೇಲಿತ್ತು. ಲಾಂಛನ ನೋಡುವಾಗ ಈ ಮಾತು ನೆನಪಿರಬೇಕು.

1950ರ ಜನವರಿ 26ರಂದು ಭಾರತ ಇದನ್ನು ಅಂಗೀಕರಿಸಿತು. ಅಡಿಯಲ್ಲಿರುವ ‘ಸತ್ಯಮೇವ ಜಯತೇ’ ಮುಂಡಕ ಉಪನಿಷತ್ತಿನದು. ಸಂವಿಧಾನದ ಹಸ್ತಪ್ರತಿಗಾಗಿ ಸಿಂಹಗಳನ್ನು ಬರೆದವರು ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಶಿಷ್ಯರಾಗಿದ್ದ ದೀನಾನಾಥ ಭಾರ್ಗವ. ಕಲ್ಲಿನ ಸಿಂಹವನ್ನು ಬರೆಯಲು ಆ ತರುಣ ಕೋಲ್ಕತ್ತದ ಮೃಗಾಲಯಕ್ಕೆ ಹೋಗಿ ಜೀವಂತ ಸಿಂಹಗಳ ಚಲನವಲನ ಗಮನಿಸಿದ್ದರು. ಕಲಾವಿದನ ಶ್ರದ್ಧೆ ಎಂದರೆ ಹೀಗಿರಬೇಕು.

ಗಂಡಭೇರುಂಡವಿರುವ ಕರ್ನಾಟಕದ ಲಾಂಛನದ ನೆತ್ತಿಯಲ್ಲೂ ಇದೇ ಸಿಂಹಗಳಿವೆ. ಅಶೋಕನ ಜೊತೆ ನಮ್ಮ ನೆಲದ ನಂಟು ಇನ್ನೂ ಹಳೆಯದು. ಕಂಬ ಸಿಕ್ಕ ಹತ್ತು ವರ್ಷಕ್ಕೆ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಡೆಶಾಸನವೊಂದು ಪತ್ತೆಯಾಯಿತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೊರೆಯನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆಯಲಾಗಿತ್ತು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯ ಬಂಡೆಯಲ್ಲಿ.

ಮೂಲ ಸಿಂಹಗಳು ಸಾರನಾಥದ ವಸ್ತುಸಂಗ್ರಹಾಲಯದಲ್ಲಿವೆ. ಕಾಶಿಗೆ ಹೋಗುವ ಕನ್ನಡಿಗರು ವಿಶ್ವನಾಥನ ದರ್ಶನ, ಗಂಗಾಸ್ನಾನ ಮುಗಿಸಿ ಅರ್ಧ ದಿನ ಅಲ್ಲಿಗೂ ಮೀಸಲಿಡಿ. ದೂರ ಸುಮಾರು ಹತ್ತು ಕಿಲೋಮೀಟರ್; ಶುಕ್ರವಾರ ರಜೆ.