ದಾಂಪತ್ಯದಲ್ಲಿ ಮಹಿಳೆಯ ನಿರಾಸಕ್ತಿ: ಮುಚ್ಚಿಡಬೇಡಿ, ಚಿಕಿತ್ಸೆಯಿದೆ

ಮುಂಬಯಿಯ ನಮ್ಮ ಕನ್ನಡ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಆರೋಗ್ಯ ಶಿಬಿರ ಏರ್ಪಡಿಸುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣು, ಹಲ್ಲು ಎಲ್ಲದರ ತಪಾಸಣೆ ನಡೆಯುತ್ತದೆ. ಆದರೆ ಮದುವೆಯಾದ ಹೆಂಗಸಿಗೆ ಕಾಮಾಸಕ್ತಿ ಕುಂದುವ ವಿಷಯ ಮಾತ್ರ ಯಾವ ವೇದಿಕೆಗೂ ಬರುವುದಿಲ್ಲ. ಲೋಕಲ್ ರೈಲಿನ ಡಬ್ಬಿಗಳಲ್ಲಿ ಅಂಟಿಸುವ 'ಗುಪ್ತರೋಗ'ದ ಚೀಟಿಗಳೂ ಗಂಡಸರಿಗಾಗಿಯೇ ಇರುತ್ತವೆ!

ಬೆಳಗ್ಗೆ ಐದಕ್ಕೆ ಎದ್ದು, ಡಬ್ಬ ಕಟ್ಟಿ, ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ನಿಂತುಕೊಂಡೇ ಹೋಗಿಬಂದು, ರಾತ್ರಿ ಒಂದು ರೂಮ್-ಕಿಚನ್ ಮನೆಯಲ್ಲಿ ಅತ್ತೆ-ಮಾವ, ಬೆಳೆದ ಮಕ್ಕಳ ನಡುವೆ ಮಲಗುವ ಮಹಿಳೆಗೆ ಆಸಕ್ತಿ ಇಲ್ಲದಿದ್ದರೆ ಅದನ್ನು ರೋಗವೆನ್ನಲಾಗದು. ಅದು ದಣಿವು. ಸುಮಾರು ಆರು ತಿಂಗಳು ಆಸಕ್ತಿ ಕುಂದಿಯೇ ಇದ್ದು, ಅದರಿಂದ ಸ್ವತಃ ಆಕೆಗೇ ಸಂಕಟವಾಗುತ್ತಿದ್ದರೆ ಮಾತ್ರ ವೈದ್ಯರು ಸಮಸ್ಯೆಯೆಂದು ಪರಿಗಣಿಸುತ್ತಾರೆ. ಪತಿಗೆ ಬೇಸರವಾಯಿತೆಂಬುದೊಂದೇ ಸಾಲದು.

ಮೊದಲು ಕಾರಣ ಹುಡುಕಬೇಕು. ಥೈರಾಯಿಡ್ ದೋಷ, ರಕ್ತಹೀನತೆ, ಮಧುಮೇಹ, ಖಿನ್ನತೆ, ಮಗುವಿಗೆ ಹಾಲೂಡಿಸುವ ಅವಧಿ, ಪತಿಯೊಂದಿಗಿನ ಮುನಿಸು, ಯಾವುದೂ ಆಗಿರಬಹುದು. ಖಿನ್ನತೆಗೆ ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ಆಸಕ್ತಿಯನ್ನು ಕುಗ್ಗಿಸುತ್ತವೆ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸಬಾರದು. ವೈದ್ಯರು ಬದಲಿ ಮಾತ್ರೆ ಕೊಡಬಲ್ಲರು.

ನಮ್ಮ ದೇಶದಲ್ಲಿ ಸರಾಸರಿ 46-47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಆಮೇಲೆ ಯೋನಿ ಒಣಗಿ ಸಂಭೋಗ ನೋವಾಗುತ್ತದೆ. ನೋವಿದ್ದಲ್ಲಿ ಆಸೆ ಎಲ್ಲಿಂದ ಬರಬೇಕು? ಕೆಮಿಸ್ಟ್ ಅಂಗಡಿಯಲ್ಲಿ ಸಿಗುವ ಜಾರುವ ಜೆಲ್, ವೈದ್ಯರು ಬರೆದುಕೊಡುವ ಈಸ್ಟ್ರೋಜನ್ ಕ್ರೀಮ್ ಎಷ್ಟೋ ಮಂದಿಗೆ ಸಾಕಾಗುತ್ತದೆ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ ಆ ಕ್ರೀಮಿಗೆ ಮೊದಲೇ ತಿಳಿಸಬೇಕು.

ದೇಹದಲ್ಲಿ ದೋಷವಿಲ್ಲದಿದ್ದರೆ ಆಪ್ತಸಲಹೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಚುರಪಡಿಸಿದ ವಿಧಾನದಲ್ಲಿ ದಂಪತಿ ಕೆಲವು ವಾರ ಸಂಭೋಗವನ್ನೇ ಬಿಟ್ಟು ಬರೀ ಸ್ಪರ್ಶ, ಮಾತುಕತೆಯಿಂದ ಆರಂಭಿಸುತ್ತಾರೆ. ಬಹಳ ಮಹಿಳೆಯರಲ್ಲಿ ಆಸೆ ಮೊದಲು ಹುಟ್ಟುವುದಿಲ್ಲ, ಅಕ್ಕರೆಯ ಹಿಂದೆಯೇ ಬರುತ್ತದೆ ಎಂದು ಕೆನಡಾದ ವೈದ್ಯೆ ರೋಸ್ಮೆರಿ ಬ್ಯಾಸನ್ 2000ರಲ್ಲಿ ಬರೆದರು. ನಮ್ಮ ಮಹಾನಗರವೇನೂ ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಲೈಂಗಿಕ ವೈದ್ಯಕೀಯ ವಿಭಾಗ ಕಟ್ಟಿದ ಡಾ. ಪ್ರಕಾಶ್ ಕೊಠಾರಿಯವರಿಗೆ 2002ರಲ್ಲಿ ಪದ್ಮಶ್ರೀ ಬಂತು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಬರೆದು ದಶಕಗಳೇ ಕಳೆದಿವೆ.

ಇನ್ನು ಮಾತ್ರೆಯ ಮಾತು. 2015ರಲ್ಲಿ ಅಮೆರಿಕ ಒಪ್ಪಿದ ಫ್ಲಿಬಾನ್ಸೆರಿನ್ ಅನ್ನು ಪತ್ರಿಕೆಗಳು 'ಹೆಂಗಸರ ವಯಾಗ್ರಾ' ಎಂದವು. ಅದು ಸರಿಯಲ್ಲ. ಇದು ಮೆದುಳಿನ ಮೇಲೆ ಕೆಲಸ ಮಾಡುವ, ದಿನವೂ ಮಲಗುವಾಗ ನುಂಗಬೇಕಾದ ಮಾತ್ರೆ. ಪರೀಕ್ಷೆಗಳಲ್ಲಿ ಕಂಡ ಲಾಭವೆಂದರೆ ತಿಂಗಳಿಗೆ ಹೆಚ್ಚೆಂದರೆ ಒಂದು ತೃಪ್ತಿಕರ ಕೂಟ ಜಾಸ್ತಿ. ಜತೆಗೆ ತಲೆಸುತ್ತು, ನಿದ್ದೆಮಂಪರು. ಜಮಾ-ಖರ್ಚು ನೋಡುವ ಬ್ಯಾಂಕಿನವನಾದ ನನಗಂತೂ ಇದು ಅಷ್ಟು ಲಾಭದ ವ್ಯವಹಾರವೆನಿಸಲಿಲ್ಲ. 2019ರಲ್ಲಿ ಬಂದ ಬ್ರೆಮೆಲನೋಟೈಡ್ ಚುಚ್ಚುಮದ್ದಿನಿಂದ ಸುಮಾರು 40 ಶೇಕಡ ಮಂದಿಗೆ ವಾಕರಿಕೆ ಬಂದಿತ್ತು. ಮುಟ್ಟು ನಿಂತವರಿಗೆ ಅಲ್ಪ ಪ್ರಮಾಣದ ಟೆಸ್ಟೋಸ್ಟೆರಾನ್ ನೆರವಾಗುತ್ತದೆಂದು ಅದೇ ವರ್ಷ ಅಂತಾರಾಷ್ಟ್ರೀಯ ತಜ್ಞರು ಒಪ್ಪಿದ್ದಾರೆ. ಆದರೆ ರಕ್ತಪರೀಕ್ಷೆ, ತಜ್ಞರ ನಿಗಾ ತಪ್ಪದೆ ಬೇಕು. ಜಾಹೀರಾತಿನ ಪುಡಿ-ಲೇಹ್ಯಗಳ ಗೊಡವೆ ಬೇಡವೇ ಬೇಡ.

ಆರಂಭ ಮಾಡಬೇಕಾದದ್ದು ಪರಿಚಯದ ಸ್ತ್ರೀರೋಗ ತಜ್ಞೆಯಿಂದಲೇ. ಸಾಧ್ಯವಾದರೆ ಪತಿಯೂ ಜತೆಗಿರಲಿ. ಊರಿನಿಂದ ಮದುವೆಯಾಗಿ ಬಂದ ನಮ್ಮ ಅಕ್ಕ-ತಂಗಿಯರಿಗೆ ಇಂಥದ್ದನ್ನು ಹಿಂದಿ, ಮರಾಠಿಯಲ್ಲಿ ಹೇಳಿಕೊಳ್ಳುವುದು ಕಷ್ಟ; ಮಗಳನ್ನು ದುಭಾಷಿಯಾಗಿ ಕೂರಿಸುವಂತೆಯೂ ಇಲ್ಲ. ಆದ್ದರಿಂದ ಸಂಘಗಳ ಮಹಿಳಾ ವಿಭಾಗದವರು ಅರಶಿನ ಕುಂಕುಮದ ದಿನ ಕನ್ನಡ, ತುಳು ಬಲ್ಲ ವೈದ್ಯೆಯೊಬ್ಬರನ್ನು ಕರೆಸಿ, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಕೇಳುವ ವ್ಯವಸ್ಥೆ ಮಾಡಿದರೆ ಉಪಕಾರವಾದೀತು. ಮನಸ್ಸಿನ ಬೇಗುದಿಯೇ ಮುಖ್ಯವಾಗಿದ್ದವರು ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಉಚಿತ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.