ನಿಮಗಿದು ಗೊತ್ತೇ? – ಕಾಣದವನ ಕೈಯಲ್ಲಿ ದೊಂದಿ

ಕಿವುಡರಿಗೆ ಶಾಪ ಹಾಕುವುದನ್ನೂ ಅಂಧರ ದಾರಿಯಲ್ಲಿ ಎಡವುಗಲ್ಲು ಇಡುವುದನ್ನೂ ಯೆಹೂದಿಗಳ ತೋರಾ ಒಂದೇ ವಚನದಲ್ಲಿ ನಿಷೇಧಿಸಿದೆ. ಯಾಜಕಕಾಂಡದ 19ನೇ ಅಧ್ಯಾಯ, 14ನೇ ವಚನ. ಕಿವಿ ಕೇಳಿಸದವನಿಗೆ ಶಾಪದಿಂದ ಆಗುವ ನೋವಾದರೂ ಏನು ಎಂದು ಯಾರಾದರೂ ಕೇಳಬಹುದು. 12ನೇ ಶತಮಾನದ ಧರ್ಮಶಾಸ್ತ್ರಜ್ಞ, ವೈದ್ಯ ಮೈಮೊನಿಡೀಸ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಇಲ್ಲಿ ಶಾಸ್ತ್ರದ ಕಣ್ಣು ಶಾಪ ಹಾಕಿದವನ ಮನಸ್ಸಿನ ಮೇಲೂ ಇದೆ. ಆ ಮನಸ್ಸು ಸೇಡಿಗೆ ಪಳಗಬಾರದು.

ಎಡವುಗಲ್ಲೆಂದರೆ ಬರೀ ಕಲ್ಲಲ್ಲ. ವಿಷಯ ತಿಳಿಯದವನಿಗೆ ಸ್ವಾರ್ಥದಿಂದ ತಪ್ಪು ಸಲಹೆ ಕೊಡುವುದು, ಮದ್ಯ ಮುಟ್ಟೆನೆಂದು ವ್ರತ ಹಿಡಿದವನಿಗೆ ದ್ರಾಕ್ಷಾರಸದ ಬಟ್ಟಲು ಚಾಚುವುದು, ಸಾಕ್ಷಿಯಿಲ್ಲದೆ ಸಾಲ ಕೊಟ್ಟು ಸಾಲಗಾರನ ಸುಳ್ಳಿಗೆ ದಾರಿ ಮಾಡುವುದು, ಬೆಳೆದ ಮಗನಿಗೆ ಹೊಡೆದು ಅವನು ತಿರುಗಿ ಕೈಯೆತ್ತುವಂತೆ ಮಾಡುವುದು – ಇವೆಲ್ಲ ಇದೇ ವಚನವನ್ನು ಮುರಿದಂತೆ ಎಂದು ಯೆಹೂದಿ ಶಾಸ್ತ್ರಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನ ಪಂಡಿತರು ಹೇಳಿದ್ದಾರೆ.

ಅಂಧರನ್ನು ಅವಮಾನಿಸಿದವನು ಹಣ ತೆರಬೇಕೆಂದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಧರ್ಮನಿಯಮಗಳ ಗ್ರಂಥ ಮಿಷ್ನಾ ವಿಧಿಸಿತ್ತು ಎಂಬುದು ಗೊತ್ತೇ? ಮನುಷ್ಯನಿಗೆ ಗಾಯ ಮಾಡಿದವನು ಐದು ಬಾಬ್ತು ಪರಿಹಾರ ಕೊಡಬೇಕು: ಅಂಗನಷ್ಟ, ನೋವು, ಚಿಕಿತ್ಸೆಯ ಖರ್ಚು, ತಪ್ಪಿದ ದುಡಿಮೆ, ಅವಮಾನ. ಮಾನಕ್ಕೂ ಬೆಲೆ ಕಟ್ಟುವ ಈ ಲೆಕ್ಕದಲ್ಲಿ ಕಣ್ಣು ಕಾಣದವರ ಮಾನ ಬೇರೆ ಎಂದು ಅದು ಒಪ್ಪಲಿಲ್ಲ. ಒಬ್ಬ ಪಂಡಿತರು ಭಿನ್ನಮತ ಹೇಳಿದರು. ಅವರ ಮಾತೂ ದಾಖಲಾಯಿತು, ಆದರೆ ನಿಯಮವಾಗಲಿಲ್ಲ.

ಕತ್ತಲಲ್ಲಿ ದೊಂದಿ ಹಿಡಿದು ಹೊರಟ ಅಂಧನ ಪ್ರಸಂಗ ತಾಲ್ಮುಡ್‌ನಲ್ಲಿದೆ. ಕುರುಡನು ಇರುಳಿನಲ್ಲಿ ತಡಕಾಡುವಂತೆ ಎಂಬರ್ಥದ ಮಾತೊಂದು ಧರ್ಮೋಪದೇಶಕಾಂಡದಲ್ಲಿ ಬರುತ್ತದೆ. ಕಾಣದವನಿಗೆ ಹಗಲೇನು, ಇರುಳೇನು ಎಂದು ಧರ್ಮಪಂಡಿತ ರಬ್ಬಿ ಯೋಸೆ ಅವರಿಗೆ ಆ ಮಾತು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. ಒಂದು ರಾತ್ರಿ ದಾರಿಯಲ್ಲಿ ದೊಂದಿ ಹಿಡಿದು ಬರುತ್ತಿದ್ದ ಅಂಧನೊಬ್ಬ ಸಿಕ್ಕ. ನಿನಗೇಕಪ್ಪ ಬೆಳಕು ಎಂದು ಕೇಳಿದರು. ದೊಂದಿ ನನ್ನ ಕೈಯಲ್ಲಿರುವಷ್ಟು ಹೊತ್ತು ಜನರಿಗೆ ನಾನು ಕಾಣುತ್ತೇನೆ. ಹಳ್ಳ, ಮುಳ್ಳು, ಪೊದೆಗಳಿಂದ ನನ್ನನ್ನು ಕಾಪಾಡುತ್ತಾರೆ ಎಂದ. ವಿದ್ವಾಂಸರಿಗೆ ಬಗೆಹರಿಯದ ವಚನವನ್ನು ಬಿಡಿಸಿಕೊಟ್ಟವನು ಆ ದಾರಿಹೋಕ. ಅಂಗವೈಕಲ್ಯದ ಬಗ್ಗೆ ಇಂದು ಬರುವ ಎಷ್ಟೋ ಪುಸ್ತಕಗಳು ಹೇಳಹೊರಟಿರುವುದು ಅವನ ಮಾತನ್ನೇ: ಅವನಿಗೆ ಬೇಕಿದ್ದದ್ದು ಕನಿಕರವಲ್ಲ, ಸುತ್ತಲಿನವರ ಕಣ್ಣಿಗೆ ಬೀಳುವ ಅವಕಾಶ.

ಯೆಹೂದಿ ಶಾಸ್ತ್ರದಲ್ಲಿ ಕಠಿಣವಾದ ಭಾಗವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕುಂಟ, ಅಂಧ, ಕೈಕಾಲು ಮುರಿದವನು ಯಾಜಕ ಕುಲದಲ್ಲಿ ಹುಟ್ಟಿದ್ದರೂ ದೇವಾಲಯದಲ್ಲಿ ಬಲಿ ಅರ್ಪಿಸುವಂತಿಲ್ಲ ಎಂದು ಯಾಜಕಕಾಂಡದ 21ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಪವಿತ್ರ ಆಹಾರದಲ್ಲಿ ಅವನ ಪಾಲು ಮಾತ್ರ ತಪ್ಪಿಸಲಿಲ್ಲ. ಜೆರುಸಲೇಮಿನ ದೇವಾಲಯದಲ್ಲಿ ಇಂಥ ಯಾಜಕರು ಬಲಿಪೀಠದ ಸೌದೆಯನ್ನು ಒಂದೊಂದಾಗಿ ನೋಡಿ ಹುಳ ಬಿದ್ದದ್ದನ್ನು ಆರಿಸಿ ತೆಗೆಯುತ್ತಿದ್ದರು, ಅದಕ್ಕೆಂದೇ ಒಂದು ಕೋಣೆಯಿತ್ತು ಎಂದು ಮಿಷ್ನಾ ತಿಳಿಸುತ್ತದೆ. ಅನ್ನ ಸಿಕ್ಕಿತು, ಕೆಲಸವೂ ಸಿಕ್ಕಿತು, ಜನರೆದುರು ನಿಲ್ಲುವ ಗೌರವ ಸಿಗಲಿಲ್ಲ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದ ಮೇಲೆ ಯಾಜಕರ ಪಾಲಿಗೆ ಉಳಿದ ಮುಖ್ಯ ಕರ್ತವ್ಯವೆಂದರೆ ಕೈಯೆತ್ತಿ ಜನರನ್ನು ಆಶೀರ್ವದಿಸುವುದು. ಕೈಯಲ್ಲಿ ಊನವಿದ್ದರೆ ಅದೂ ಬೇಡ ಎಂದಿತು ಮಿಷ್ನಾ. ಅದು ಕೊಟ್ಟ ಕಾರಣ ಗಮನಿಸಿ: ಜನ ಅವನನ್ನೇ ದಿಟ್ಟಿಸುತ್ತಾರೆ, ಪ್ರಾರ್ಥನೆಯಿಂದ ಮನಸ್ಸು ಕದಲುತ್ತದೆ. ಅಂದರೆ ತೊಡಕಿರುವುದು ಯಾಜಕನ ಕೈಯಲ್ಲಲ್ಲ, ನೋಡುವವರ ಕಣ್ಣಲ್ಲಿ. ಹಾಗಿದ್ದ ಮೇಲೆ ಜನರಿಗೆ ಅವನು ರೂಢಿಯಾದರೆ? ರಬ್ಬಿ ಯೋಹಾನನ್ ಅವರ ನೆರೆಯಲ್ಲಿದ್ದ ಒಕ್ಕಣ್ಣಿನ ಯಾಜಕನೊಬ್ಬ ಎಲ್ಲರಂತೆ ಕೈಯೆತ್ತಿ ಹರಸುತ್ತಿದ್ದ, ಏಕೆಂದರೆ ಊರಿನವರಿಗೆ ಅವನು ಪರಿಚಿತ ಎನ್ನುತ್ತದೆ ತಾಲ್ಮುಡ್. ರೂಢಿಯಾಗಲು ಎಷ್ಟು ದಿನ ಬೇಕು? 16ನೇ ಶತಮಾನದ ಧರ್ಮಸಂಹಿತೆ ಶುಲ್ಹಾನ್ ಆರೂಖ್ ಅದನ್ನೂ ನಿಗದಿ ಮಾಡಿದೆ: 30 ದಿನ. ಊರಿಗೆ ಬಂದು 30 ದಿನ ಇದ್ದವನು ಪರಿಚಿತನೇ. ಯಾಜಕರು ಮುಖದ ಮೇಲೆ ಶಾಲು ಹೊದೆದು ಹರಸುವ ಪದ್ಧತಿಯಿರುವ ಕಡೆ ಆ 30 ದಿನವೂ ಬೇಕಿಲ್ಲ, ಊನದ ಪ್ರಶ್ನೆಯೇ ಏಳುವುದಿಲ್ಲ. ಇಡೀ ಶಾಸ್ತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ನಿಯಮ ಇದು.

ಕುರೂಪಿಯೆಂದು ಹಂಗಿಸಿದ ಪಂಡಿತನ ಕಥೆ ಕೇಳಿದ್ದೀರಾ? ಗುರುವಿನ ಮನೆಯಲ್ಲಿ ಬಹಳ ಕಲಿತೆನೆಂಬ ಹೆಮ್ಮೆಯಲ್ಲಿ ಕತ್ತೆಯೇರಿ ಹೊಳೆದಂಡೆಯ ಮೇಲೆ ಬರುತ್ತಿದ್ದ ರಬ್ಬಿಯೊಬ್ಬರಿಗೆ ಒಬ್ಬ ದಾರಿಹೋಕ ನಮಸ್ಕಾರ ಹೇಳಿದ. ರಬ್ಬಿ ಪ್ರತಿನಮಸ್ಕಾರ ಹೇಳದೆ, ನಿನ್ನ ಊರಿನವರೆಲ್ಲ ನಿನ್ನಷ್ಟೇ ಕುರೂಪವೋ ಎಂದು ಕೇಳಿದರು. ಅದು ನನಗೆ ಗೊತ್ತಿಲ್ಲ, ನನ್ನನ್ನು ಮಾಡಿದವನ ಬಳಿಗೆ ಹೋಗಿ ನೀನು ಮಾಡಿದ ಪಾತ್ರೆ ಎಷ್ಟು ಕುರೂಪವೆಂದು ಅವನಿಗೇ ಹೇಳು ಎಂದ ಆ ಮನುಷ್ಯ. ರಬ್ಬಿ ಕತ್ತೆಯಿಂದಿಳಿದು ಅಡ್ಡಬಿದ್ದರು. ಅವನು ಸುಲಭಕ್ಕೆ ಕ್ಷಮಿಸಲಿಲ್ಲ. ಊರು ಮುಟ್ಟುವವರೆಗೂ ರಬ್ಬಿ ಅವನ ಹಿಂದೆಯೇ ನಡೆದರು. ಊರವರೆಲ್ಲ ಬೇಡಿಕೊಂಡ ಮೇಲೆ, ಇನ್ನೊಮ್ಮೆ ಹೀಗೆ ಮಾಡಕೂಡದೆಂಬ ಷರತ್ತಿನ ಮೇಲೆ ಕ್ಷಮೆ ಸಿಕ್ಕಿತು. ಕ್ಷಮಿಸುವ ಅಧಿಕಾರ ಕೊನೆಯವರೆಗೂ ಅವಮಾನಿತನ ಕೈಯಲ್ಲೇ ಉಳಿಯಿತಲ್ಲ, ಕಥೆಯ ತೂಕ ಇರುವುದು ಅಲ್ಲಿ.

ಬ್ಯಾಬಿಲೋನಿಯದ ಪುಂಬೆದಿತಾ ವಿದ್ಯಾಪೀಠದ ಮುಖ್ಯಸ್ಥರಾಗಿದ್ದ ರವ್ ಯೋಸೆಫ್ ಅವರಿಗೆ ದೃಷ್ಟಿಯಿರಲಿಲ್ಲ. ಅದೇ ಕಾಲದ ಇನ್ನೊಬ್ಬ ದೊಡ್ಡ ವಿದ್ವಾಂಸ ರವ್ ಶೇಷೆತ್ ಅವರಿಗೂ ಇರಲಿಲ್ಲ. ಅಂಧರಿಗೆ ಧರ್ಮದ ವಿಧಿಗಳಿಂದ ವಿನಾಯಿತಿ ಉಂಟು ಎಂದು ರಬ್ಬಿ ಯೆಹೂದಾ ಎಂಬವರ ಅಭಿಪ್ರಾಯವಿತ್ತು. ರವ್ ಯೋಸೆಫ್ ಮೊದಲು ಅದನ್ನು ಕೇಳಿ ಹಿಗ್ಗಿದ್ದರು: ಕಡ್ಡಾಯವಿಲ್ಲದೆಯೂ ಪಾಲಿಸುತ್ತಿದ್ದೇನಲ್ಲ, ಪುಣ್ಯ ಹೆಚ್ಚಲ್ಲವೇ? ಆಮೇಲೆ, ಕರ್ತವ್ಯವೆಂದು ಮಾಡುವವನೇ ಹೆಚ್ಚಿನವನು ಎಂಬ ರಬ್ಬಿ ಹನೀನಾ ಅವರ ಮಾತು ಕಿವಿಗೆ ಬಿತ್ತು. ಅಂದಿನಿಂದ ಅವರ ನಿಲುವು ತಿರುಗಿತು. ಆ ವಿನಾಯಿತಿ ಸಿಂಧುವಲ್ಲ ಎಂದು ಯಾರಾದರೂ ಬಂದು ಹೇಳಲಿ, ಪಂಡಿತರಿಗೆಲ್ಲ ಔತಣ ಹಾಕಿಸುತ್ತೇನೆ ಎಂದರು. ನಿನ್ನಿಂದ ಆಗದು, ನೀನು ಮಾಡಬೇಕಿಲ್ಲ ಬಿಡು ಎಂದು ಬದಿಗೆ ಕೂರಿಸುವವರ ಮಾತಿನಲ್ಲಿ ದಯೆಯಿದ್ದರೂ ಅದು ಎಷ್ಟು ಚುಚ್ಚುತ್ತದೆಂದು ಅವರಿಗೆ ಗೊತ್ತಿತ್ತು. ಎಲ್ಲರಂತೆ ಹೊಣೆ ಹೊರುವುದೂ ಒಂದು ಹಕ್ಕು.

ಆ ಹಕ್ಕನ್ನು ಬಹುಕಾಲ ಕಳೆದುಕೊಂಡಿದ್ದವರು ಕಿವುಡರು. ಕಿವಿಯೂ ಕೇಳದ, ಮಾತೂ ಬಾರದವರನ್ನು ಶಾಸ್ತ್ರ ಚಿಕ್ಕ ಮಕ್ಕಳ ಮತ್ತು ಬುದ್ಧಿಭ್ರಮಣೆಯಾದವರ ಸಾಲಿಗೆ ಸೇರಿಸಿತ್ತು. ಅವರ ವಚನಕ್ಕೆ, ಸಾಕ್ಷ್ಯಕ್ಕೆ ಬೆಲೆಯಿರಲಿಲ್ಲ. ಸನ್ನೆಯಿಂದ ಅವರು ಮದುವೆಯಾಗಬಹುದು, ವಿಚ್ಛೇದನ ಕೊಡಬಹುದು, ವ್ಯವಹಾರ ಮಾಡಬಹುದು ಎಂದು ಮಿಷ್ನಾ ಒಪ್ಪಿದ್ದರೂ ಆ ಪಟ್ಟಿ ಹಾಗೇ ಉಳಿಯಿತು. ಇದನ್ನು ಅನ್ಯಾಯವೆಂದೇ ಕರೆಯಬೇಕು. ತಾಲ್ಮುಡ್‌ನಲ್ಲಿಯೇ ಅದಕ್ಕೆ ಎದುರಾಗಿ ಒಂದು ಕಥೆ ಇದೆ. ಮಿಷ್ನಾ ಸಂಕಲಿಸಿದ ರಬ್ಬಿ ಯೆಹೂದಾ ಹನಾಸಿ ಅವರ ನೆರೆಯಲ್ಲಿ ಮಾತು ಬಾರದ ಇಬ್ಬರಿದ್ದರು. ರಬ್ಬಿ ಪಾಠಶಾಲೆಗೆ ಹೋದಾಗಲೆಲ್ಲ ಅವರೂ ಬಂದು ಕೂತು ತಲೆಯಾಡಿಸುತ್ತಿದ್ದರು, ತುಟಿ ಅಲ್ಲಾಡಿಸುತ್ತಿದ್ದರು. ರಬ್ಬಿಯ ಪ್ರಾರ್ಥನೆಯಿಂದ ಒಮ್ಮೆ ಅವರಿಗೆ ಮಾತು ಬಂದಾಗ ನೋಡಿದರೆ ಇಡೀ ಶಾಸ್ತ್ರ ಅವರಿಗೆ ಕರಗತವಾಗಿತ್ತು. ಕಥೆಯ ಪವಾಡ ಮಾತು ಬಂದದ್ದು. ನನಗೆ ಮುಖ್ಯವೆನಿಸುವುದು ಮಾತು ಬರುವ ಮೊದಲೇ ಕಲಿತು ಮುಗಿಸಿದ್ದು.

1844ರಲ್ಲಿ ಆರಂಭವಾಗಿ 1852ರಲ್ಲಿ ವಿಯೆನ್ನಾಕ್ಕೆ ಸ್ಥಳಾಂತರಗೊಂಡ ಯೆಹೂದಿ ಕಿವುಡರ ಶಾಲೆಯಂಥವು ಬಂದ ಮೇಲೆ ರಬ್ಬಿಗಳಿಗೆ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಯಿತು. ಓದು ಬರಹ ಕಲಿತು ಸರಾಗವಾಗಿ ವ್ಯವಹರಿಸುವವರನ್ನು ಇನ್ನೂ ಮಕ್ಕಳ ಸಾಲಿನಲ್ಲಿ ಇಡುವುದು ಹೇಗೆ? 2011ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಯೆಹೂದಿ ಪಂಥದ ಧರ್ಮಸಮಿತಿ, ರಬ್ಬಿ ಪಮೆಲಾ ಬಾರ್ಮಶ್ ಬರೆದ ತೀರ್ಪನ್ನು ಅಂಗೀಕರಿಸಿತು: ಸನ್ನೆಭಾಷೆ ಬಳಸುವವರು ಎಲ್ಲ ರೀತಿಯಲ್ಲೂ ಸಮರ್ಥರು, ಪ್ರಾರ್ಥನೆಗೂ ಸನ್ನೆಭಾಷೆ ಸಲ್ಲುತ್ತದೆ.

ಇನ್ನು ಬೇಗ ಬೇಗ ಕೆಲವು. ಮರಗಾಲು ಕಟ್ಟಿಕೊಂಡು ವಾರದ ವಿಶ್ರಾಂತಿದಿನವಾದ ಸಬ್ಬತ್ ದಿನ ಹೊರಗೆ ಹೋಗಬಹುದೇ ಎಂಬ ಚರ್ಚೆ ಮಿಷ್ನಾದಲ್ಲಿದೆ. ರಬ್ಬಿ ಮೆಯೀರ್ ಸೈ ಎಂದರು, ರಬ್ಬಿ ಯೋಸೆ ಬೇಡವೆಂದರು. ಹೀಬ್ರೂ ಲಿಪಿ ಬಲದಿಂದ ಎಡಕ್ಕೆ, ಹೀಬ್ರೂ ಬ್ರೈಲ್ ಮಾತ್ರ ಎಡದಿಂದ ಬಲಕ್ಕೆ. ನ್ಯೂಯಾರ್ಕಿನಲ್ಲಿ ಯೆಹೂದಿ ಬ್ರೈಲ್ ಸಂಸ್ಥೆ ಹುಟ್ಟಿದ್ದು 1931ರಲ್ಲಿ. ಹುಟ್ಟುಹಾಕಿದವರಲ್ಲಿ ಒಬ್ಬರು ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ರಬ್ಬಿ ಮೈಕೆಲ್ ಆರನ್ಸನ್. ಅಂಧರು ತಮ್ಮ ಮಾರ್ಗದರ್ಶಿ ನಾಯಿಯೊಂದಿಗೆ ಸಿನಗಾಗ್‌ಗೆ ಬರಬಹುದೆಂದು 1953ರಲ್ಲಿ ಒಪ್ಪಿಗೆ ಕೊಟ್ಟವರು ಸಂಪ್ರದಾಯಸ್ಥರ ಅಗ್ರಗಣ್ಯ ರಬ್ಬಿ ಮೋಶೆ ಫೈನ್‌ಸ್ಟೈನ್. ಮರೆವು ಬಂದ ವೃದ್ಧ ವಿದ್ವಾಂಸರನ್ನು ಕಡೆಗಣಿಸಬೇಡಿ ಎನ್ನುವ ತಾಲ್ಮುಡ್ ಕೊಡುವ ಆಧಾರ ಇದು: ಪ್ರವಾದಿ ಮೋಶೆ ಒಡೆದ ದಶಾಜ್ಞೆಗಳ ಶಿಲಾಶಾಸನದ ಚೂರುಗಳನ್ನೂ ಹೊಸ ಶಿಲೆಗಳ ಜೊತೆಗೆ ಅದೇ ಪವಿತ್ರ ಮಂಜೂಷದಲ್ಲಿ ಇಟ್ಟಿದ್ದರು.

ಬರ್ಲಿನ್ನಿನ ವೈಸೆನ್‌ಸೇ ಬಡಾವಣೆಯಲ್ಲಿ ಯೆಹೂದಿ ಕಿವುಡ ಮಕ್ಕಳ ಶಾಲೆಯೊಂದಿತ್ತು. 1873ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದವರು ಮಾರ್ಕುಸ್ ರೈಖ್. ಅವರ ಮಗ ಫೆಲಿಕ್ಸ್ ರೈಖ್ 1939ರಲ್ಲಿ ಯುದ್ಧ ಶುರುವಾಗುವ ಮುನ್ನ ಕೆಲವು ಮಕ್ಕಳನ್ನು ಲಂಡನ್ನಿಗೆ ದಾಟಿಸಿದರು. ಉಳಿದವರಿಗಾಗಿ ಮರಳಿ ಬರಲು ಯುದ್ಧ ಬಿಡಲಿಲ್ಲ. 1942ರಲ್ಲಿ ಆ ಕಟ್ಟಡದಿಂದ ಕಿವುಡ ಯೆಹೂದಿಗಳನ್ನು ಸಾವಿನ ಶಿಬಿರಗಳತ್ತ ಸಾಗಿಸಲಾಯಿತು. 1940–41ರಲ್ಲಿ ನಾಜಿಗಳ ಟಿ4 ಕಾರ್ಯಾಚರಣೆ ಅಂಗವಿಕಲರೂ ಮನೋರೋಗಿಗಳೂ ಸೇರಿ 70,000ಕ್ಕೂ ಹೆಚ್ಚು ಜನರನ್ನು ವಿಷಾನಿಲದಿಂದ ಕೊಂದಿತ್ತು. ಆಸ್ಪತ್ರೆಗಳಲ್ಲಿದ್ದ ಯೆಹೂದಿ ರೋಗಿಗಳ ವಿಷಯದಲ್ಲಿ ಕಾಯಿಲೆ ಏನೆಂದೂ ನೋಡಲಿಲ್ಲ.

ಆ ಜರ್ಮನಿಯಿಂದ ಚಿಕ್ಕ ವಯಸ್ಸಿನಲ್ಲಿ ತಪ್ಪಿಸಿಕೊಂಡು ಬಂದ ಯೆಹೂದಿ ದಂಪತಿಯ ಮಗಳು ಜೂಡಿತ್ ಹ್ಯೂಮನ್ ಎಂಬುದು ಗೊತ್ತೇ? ಹುಟ್ಟಿದ್ದು 1947ರಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಪುಟ್ಟ ಮಗುವಿರುವಾಗಲೇ ಪೋಲಿಯೊ ತಗಲಿತು. ಮಗುವನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿಬಿಡಿ ಎಂದು ವೈದ್ಯರು ಹೇಳಿದಾಗ ತಂದೆ ತಾಯಿ ಸುತರಾಂ ಒಪ್ಪಲಿಲ್ಲ. ಅಂಗವಿಕಲರನ್ನು ಮನೆಯಿಂದ ಬೇರ್ಪಡಿಸಿ ಕಟ್ಟಡಗಳಿಗೆ ತುಂಬಿದರೆ ಮುಂದೇನಾಗಬಹುದೆಂದು ಜರ್ಮನಿ ತೋರಿಸಿತ್ತು. ಗಾಲಿಕುರ್ಚಿಯಿಂದ ಬೆಂಕಿಯ ಅಪಾಯ ಎಂಬ ನೆಪ ಹೇಳಿ ಶಾಲೆ ಬಾಗಿಲು ಹಾಕಿತು. ದೊಡ್ಡವಳಾಗಿ ಶಿಕ್ಷಕಿಯಾಗಲು ಹೊರಟಾಗಲೂ ಅದೇ ನೆಪ. 1970ರಲ್ಲಿ ಆಕೆ ನ್ಯೂಯಾರ್ಕ್ ಶಿಕ್ಷಣ ಮಂಡಳಿಯ ಮೇಲೆ ದಾವೆ ಹೂಡಿ ಗೆದ್ದು ಪಾಠ ಹೇಳಿದರು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರಕಾರಿ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಜನರೊಂದಿಗೆ ಮೂರು ವಾರಕ್ಕೂ ಮೀರಿ ಧರಣಿ ಕೂತರು. ಅಂಗವಿಕಲರ ಬಗ್ಗೆ ತಾರತಮ್ಯ ನಿಷೇಧಿಸುವ, ಕಾಯ್ದೆಯೊಂದರ 504ನೇ ಕಲಮಿನ ನಿಯಮಗಳಿಗೆ ಅಮೆರಿಕ ಸರಕಾರ ಸಹಿ ಹಾಕಿದ್ದು ಆ ಧರಣಿಯ ಬಲದಿಂದ. ಹ್ಯೂಮನ್ 2023ರಲ್ಲಿ ತೀರಿಕೊಂಡರು.

ಇಸ್ರೇಲಿನ ಯಾಫಾ ಬಂದರಿನಲ್ಲಿ 2007ರಲ್ಲಿ ಶುರುವಾದ ನಲಗಾತ್ ರಂಗಕೇಂದ್ರದ ನಟರಿಗೆ ಕಣ್ಣೂ ಕಾಣದು, ಕಿವಿಯೂ ಕೇಳದು. ಅವರ ಪ್ರಸಿದ್ಧ ನಾಟಕದಲ್ಲಿ ವೇದಿಕೆಯ ಮೇಲೆಯೇ ಹಿಟ್ಟು ನಾದಿ ಬ್ರೆಡ್ ಸುಡುತ್ತಿದ್ದರು. ನಾಟಕ ಮುಗಿದ ಮೇಲೆ ಪ್ರೇಕ್ಷಕರಿಗೆ ಆ ಬಿಸಿ ಬ್ರೆಡ್. ಅಂಗವಿಕಲ ಕಲಾವಿದರ ಶಲ್ವಾ ವಾದ್ಯವೃಂದ 2019ರಲ್ಲಿ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆ ಯೂರೋವಿಷನ್‌ಗೆ ಇಸ್ರೇಲಿನ ಆಯ್ಕೆಸುತ್ತಿನ ಅಂತಿಮ ಹಂತ ತಲುಪಿತ್ತು. ಸಬ್ಬತ್ ದಿನ ತಾಲೀಮು ಮಾಡಬೇಕಾಗುತ್ತದೆಂದು ತಾನಾಗಿ ಹಿಂದೆ ಸರಿಯಿತು. ಆ ವರ್ಷ ಸ್ಪರ್ಧೆ ಟೆಲ್ ಅವಿವ್‌ನಲ್ಲೇ ನಡೆದದ್ದರಿಂದ ಅತಿಥಿ ತಂಡವಾಗಿ ವೇದಿಕೆ ಹತ್ತಿತು.

1996ರಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ವಿದ್ಯಾರ್ಥಿಯ ಅರ್ಜಿಯ ಮೇಲೆ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ, ಶಾಲೆಯ ಕಟ್ಟಡದ ಒಂದು ಭಾಗಕ್ಕೆ ಹೋಗುವ ವ್ಯವಸ್ಥೆ ಮಾಡಿ ಕೈತೊಳೆದುಕೊಂಡರೆ ಸಾಲದು ಎಂದಿತು. 1998ರಲ್ಲಿ ಸಮಾನ ಹಕ್ಕುಗಳ ಕಾನೂನು ಬಂತು. ಸಮಾನತೆ, ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಬೆಲೆ, ಜೀವಿಗಳ ಘನತೆ – ಇವುಗಳ ಮೇಲೆ ಈ ಹಕ್ಕುಗಳು ನಿಂತಿವೆ ಎಂದು ಅದರ ಮೊದಲ ಕಲಮೇ ಸಾರುತ್ತದೆ. ಆ ಘನತೆಗಾಗಿ ಪಂಡಿತರ ನಿಷೇಧಗಳನ್ನೂ ಬದಿಗಿಡಬಹುದೆಂದು ತಾಲ್ಮುಡ್ ಹೇಳಿತ್ತು. ಇಪ್ಪತ್ತನೇ ಶತಮಾನದ ಸಂಸತ್ತು ಅದೇ ತತ್ತ್ವವನ್ನು ಕಾನೂನಿನ ಭಾಷೆಗೆ ತಂದಿತು. ಸಾರ್ವಜನಿಕ ಸ್ಥಳಗಳೆಲ್ಲ ಎಲ್ಲರಿಗೂ ತಲುಪುವಂತಿರಬೇಕೆಂಬ ಅಧ್ಯಾಯ ಸೇರಿದ್ದು 2005ರಲ್ಲಿ.

ಇಸ್ರೇಲಿನ ಇಂಧನ ಸಚಿವೆಯಾಗಿದ್ದ ಕರೀನ್ ಎಲ್ಹರಾರ್ 2021ರ ನವೆಂಬರ್ 1ರಂದು ಗ್ಲಾಸ್ಗೊ ಹವಾಮಾನ ಸಮ್ಮೇಳನದ ಹೊರಗೆ ಕಾದು ಕಾದು ವಾಪಸಾದರು. ಅವರ ಗಾಲಿಕುರ್ಚಿ ಒಳಗೆ ಹೋಗುವ ದಾರಿಯೇ ಸಿಗಲಿಲ್ಲ. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು, ಮರುದಿನ ಸಚಿವೆ ಒಳಗೆ ಹೋದರು.

ಸಚಿವರಲ್ಲದವರು ಬೀದಿಗಿಳಿಯಬೇಕಾಯಿತು. 2017ರಲ್ಲಿ ಇಸ್ರೇಲಿನ ಅಂಗವಿಕಲರು ಗಾಲಿಕುರ್ಚಿಗಳನ್ನು ಹೆದ್ದಾರಿಗೆ ಅಡ್ಡ ನಿಲ್ಲಿಸಿ ವಾಹನ ತಡೆದರು. ಬೇಡಿಕೆ ಒಂದೇ: ತಿಂಗಳ ಭತ್ಯೆ ಕನಿಷ್ಠ ವೇತನದಷ್ಟಾದರೂ ಇರಲಿ. 2018ರ ಫೆಬ್ರವರಿಯಲ್ಲಿ ಸಂಸತ್ತು ಭತ್ಯೆಯನ್ನು ಹಂತಹಂತವಾಗಿ ಏರಿಸುವ ಕಾನೂನು ಮಾಡಿತು. ಕನಿಷ್ಠ ವೇತನದ ಮಟ್ಟ ಅದರಲ್ಲಿ ಎಲ್ಲರಿಗೂ ಸಿಗಲಿಲ್ಲ.